ಅಡಿಕೆ ಸುಲಿಯುತ್ತಾ ಅಮೆರಿಕದ ರಾಜಕೀಯ ಮಾತನಾಡುವುದು ಹೇಗೆ

ಅಮೆರಿಕದ ಚುನಾವಣೆ ನವೆಂಬರ್ ಮೊದಲ ವಾರದಲ್ಲಿ ಬರುತ್ತದೆ. ನಮ್ಮ ತೀರ್ಥಹಳ್ಳಿ ಕಡೆ ಕೊನೆಕೊಯ್ಲು ಬಿರುಸಾಗುವುದೂ ಅದೇ ಹೊತ್ತಿಗೆ. ಈಗ ಅನೇಕರು ಅಡಿಕೆಯನ್ನು ಯಂತ್ರಕ್ಕೆ ಕೊಡುತ್ತಾರೆ. ನಮ್ಮ ಮನೆಯಲ್ಲಿ ಇನ್ನೂ ಕಾಲಲ್ಲಿ ಮೆಟ್ಟಿಕೊಂಡು ಅಡಿಕೆ ಸುಲಿಯುವ ಮೆಟ್ಟುಕತ್ತಿ ಇದೆ. ಸಂಜೆ ಏಳಕ್ಕೆ ಅಂಗಳದ ಚಪ್ಪರದಡಿ ಹತ್ತು ಹನ್ನೆರಡು ಜನ ಕೂತರೆ ಏಳುವುದು ಹನ್ನೊಂದಕ್ಕೆ. ಕೈಗೆ ಕೆಲಸವಿದೆ, ಬಾಯಿ ಬಿಡುವಾಗಿದೆ. ಕೂತವರಲ್ಲಿ ಅರ್ಧಕ್ಕರ್ಧ ಜನರ ಮಗನೋ ಮಗಳೋ ಸೊಸೆಯೋ ಡಲ್ಲಾಸ್‌ನಲ್ಲಿ, ನ್ಯೂಜೆರ್ಸಿಯಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಇದ್ದಾರೆ. ಹಾಗಾಗಿ ಮಾತು ಅಮೆರಿಕದ ಕಡೆ ಹರಿಯುವುದನ್ನು ತಡೆಯಲಾಗದು, ತಡೆಯಲೂ ಬಾರದು. ಆದರೆ ಅದನ್ನು ನಡೆಸುವ ಕ್ರಮವೊಂದಿದೆ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿದ ನಾನು ಆ ಕ್ರಮವನ್ನು ಕಲಿತದ್ದು ನಿವೃತ್ತಿಯ ನಂತರ, ಒಂದು ಜಗಳದಿಂದ.

2020ರ ಮಾತು. ನವೆಂಬರ್ 3ರಂದು ಅಲ್ಲಿ ಮತದಾನ ನಡೆಯಿತು. ನಮಗೆ 4ನೇ ತಾರೀಕು ಮಧ್ಯಾಹ್ನವಾಗುವ ಹೊತ್ತಿಗೆ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಟ್ರಂಪ್ ಲಕ್ಷಾಂತರ ಮತಗಳಿಂದ ಮುಂದಿದ್ದರು. ಮೂರು ದಿನ ಎಣಿಕೆ ನಡೆದು ಮುನ್ನಡೆ ಕರಗಿತು, ಬೈಡನ್ ಗೆದ್ದರು. ನನ್ನ ಭಾವ, ಅಂದರೆ ಅಕ್ಕನ ಗಂಡ, ‘ಇದು ಮೋಸ’ ಎಂದರು. ನನ್ನ ತಮ್ಮ ‘ಸೋತವರು ಹೇಳುವುದೇ ಹಾಗೆ’ ಎಂದ. ಒಬ್ಬರ ಮಗ ಟೆಕ್ಸಾಸಿನಲ್ಲಿ, ಇನ್ನೊಬ್ಬರ ಮಗಳು ಕ್ಯಾಲಿಫೋರ್ನಿಯಾದಲ್ಲಿ. ಮಾತು ಮಕ್ಕಳ ಮೇಲೆ ಹೋಯಿತು, ಅಲ್ಲಿಂದ ಹಳೆಯ ಜಮೀನಿನ ಮೇಲೆ ಬಂತು. ಹತ್ತು ದಿನಕ್ಕೆ ಬಂದ ದೀಪಾವಳಿಗೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗಲಿಲ್ಲ. ಅಕ್ಕ ಅತ್ತದ್ದು ನನಗಿನ್ನೂ ನೆನಪಿದೆ.

ಅಂದು ಅಷ್ಟು ಜನರಲ್ಲಿ ನಾನೂ ಸೇರಿ ಒಬ್ಬರೂ ಕೇಳದ ಪ್ರಶ್ನೆ ಒಂದಿತ್ತು: ಪೆನ್ಸಿಲ್ವೇನಿಯಾದಲ್ಲಿ ಮತ ಎಣಿಸುವವರು ಯಾರು, ಯಾವ ನಿಯಮದ ಪ್ರಕಾರ? ಆಮೇಲೆ ಓದಿ ತಿಳಿದುಕೊಂಡೆ. ಅಂಚೆಯಲ್ಲಿ ಬಂದ ಮತದ ಲಕೋಟೆಗಳನ್ನು ಮತದಾನದ ದಿನ ಬೆಳಿಗ್ಗೆ ಏಳಕ್ಕೆ ಮೊದಲು ತೆರೆಯಬಾರದೆಂದು ಆ ರಾಜ್ಯದ ಕಾನೂನೇ ಹೇಳುತ್ತಿತ್ತು. ಕೊರೊನಾ ವರ್ಷವಾದ್ದರಿಂದ ಅಂತಹ ಲಕೋಟೆಗಳು ರಾಶಿ ಬಿದ್ದಿದ್ದವು. ಮತಗಟ್ಟೆಗೆ ಹೋಗಿ ಹಾಕಿದ ಮತಗಳ ಎಣಿಕೆ ಬೇಗ ಮುಗಿಯಿತು, ಲಕೋಟೆಗಳದು ನಿಧಾನವಾಯಿತು. ಟ್ರಂಪ್ ಬೆಂಬಲಿಗರು ಹೆಚ್ಚಾಗಿ ಮತಗಟ್ಟೆಗೆ ಹೋದವರು, ಬೈಡನ್ ಬೆಂಬಲಿಗರು ಹೆಚ್ಚಾಗಿ ಅಂಚೆಯನ್ನು ನೆಚ್ಚಿದವರು. ಮುನ್ನಡೆ ಕರಗಿದ್ದು ಇದರಿಂದ. ಐದು ನಿಮಿಷದಲ್ಲಿ ವಿವರಿಸಬಹುದಾದ ಈ ಸಂಗತಿ ಗೊತ್ತಿಲ್ಲದೆ ಎರಡು ಮನೆಗಳ ನಡುವೆ ಒಂದು ವರ್ಷ ಮಾತು ನಿಂತಿತು.

ಆದ್ದರಿಂದ ಮೊದಲ ಸಲಹೆ ಇದು. ಮಾತನ್ನು ವ್ಯಕ್ತಿಯ ಹೆಸರಿನಿಂದ ಶುರು ಮಾಡಬೇಡಿ. ಟ್ರಂಪ್ ಒಳ್ಳೆಯವರೋ ಕೆಟ್ಟವರೋ, ಕಮಲಾ ಹ್ಯಾರಿಸ್ ನಮ್ಮವರೋ ಅಲ್ಲವೋ ಎಂದು ತೊಡಗಿದರೆ ಅರ್ಧ ಗಂಟೆಯಲ್ಲಿ ಎಲ್ಲರೂ ತಂತಮ್ಮ ಮೂಲೆ ಸೇರಿರುತ್ತಾರೆ. ‘ಇದನ್ನು ತೀರ್ಮಾನಿಸುವ ಅಧಿಕಾರ ಯಾರದು?’ ಎಂದು ಕೇಳಿ. ಅಧ್ಯಕ್ಷರದೇ, ಸಂಸತ್ತಿನದೇ, ನ್ಯಾಯಾಲಯದ್ದೇ, ರಾಜ್ಯದ್ದೇ, ಇಲ್ಲ ಊರಿನ ಶಾಲಾ ಮಂಡಳಿಯದೇ? ಉತ್ತರ ಸಿಗುವವರೆಗೆ ಮುಂದಿನ ಮಾತು ಬೇಡ.

ಇದು ಎಷ್ಟು ಕೆಲಸಕ್ಕೆ ಬರುತ್ತದೆಂದು ನಾನು ಕಣ್ಣಾರೆ ಕಂಡದ್ದು 2025ರ ಜನವರಿಯಲ್ಲಿ. ಕೆಳಗಿನ ಮನೆಯ ಅಕ್ಕ ಒಂದು ಬೆಳಿಗ್ಗೆ ಮೊಬೈಲ್ ಹಿಡಿದುಕೊಂಡೇ ಬಂದರು. ಅವರ ಸೊಸೆ ಐದು ತಿಂಗಳ ಬಸುರಿ, ಮಗ ಸೊಸೆ ಇಬ್ಬರೂ ಎಚ್-1ಬಿ ಎಂಬ ತಾತ್ಕಾಲಿಕ ಉದ್ಯೋಗ ವೀಸಾದ ಮೇಲೆ ಅಲ್ಲಿದ್ದರು. ‘ಹುಟ್ಟುವ ಮಗುವಿಗೆ ಅಲ್ಲಿನ ಪೌರತ್ವ ಇಲ್ಲವಂತೆ, ಟೀಚರ್. ಮಗುವನ್ನು ಹೊರಗೆ ಹಾಕುತ್ತಾರಾ?’ ಎಂದು ಕೇಳಿದರು. ಕೈ ನಡುಗುತ್ತಿತ್ತು. ನಾನು ಅವರನ್ನು ಜಗಲಿಯ ಮೇಲೆ ಕೂರಿಸಿ ಕಷಾಯ ಕೊಟ್ಟು ಅದೇ ಪ್ರಶ್ನೆಯನ್ನು ಹಿಡಿದೆ. ಪೌರತ್ವವನ್ನು ತೀರ್ಮಾನಿಸುವ ಅಧಿಕಾರ ಯಾರದು?

ಒಂದು ಹಾಳೆಯ ಮೇಲೆ ಬರೆದು ತೋರಿಸಿದೆ. ಜನವರಿ 20ರಂದು ಅಧ್ಯಕ್ಷ ಟ್ರಂಪ್ ಇಂತಹ ಮಕ್ಕಳಿಗೆ ಪೌರತ್ವವಿಲ್ಲ ಎಂಬ ಆದೇಶಕ್ಕೆ ಸಹಿ ಹಾಕಿದ್ದಾರೆ, ನಿಜ. ಆದರೆ ಆ ನೆಲದಲ್ಲಿ ಹುಟ್ಟಿದವರು ಅಲ್ಲಿನ ಪೌರರು ಎಂಬ ಮಾತು ಇರುವುದು ಸಂವಿಧಾನದ 14ನೇ ತಿದ್ದುಪಡಿಯಲ್ಲಿ. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರ ಪೌರತ್ವವನ್ನು ಯಾರೂ ಅಲ್ಲಗಳೆಯಬಾರದೆಂದು 1868ರಲ್ಲಿ ಸೇರಿಸಿದ್ದು ಅದು. ಚೀನೀ ತಂದೆತಾಯಿಗೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ ವಾಂಗ್ ಕಿಮ್ ಆರ್ಕ್ ಎಂಬುವರ ಮೊಕದ್ದಮೆಯಲ್ಲಿ 1898ರಲ್ಲೇ ಸುಪ್ರೀಂ ಕೋರ್ಟ್ ಅವರನ್ನು ಪೌರರೆಂದು ಒಪ್ಪಿದೆ. ಸಂವಿಧಾನದ ಮಾತನ್ನು ಬದಲಿಸಲು ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕು, ಜೊತೆಗೆ 50 ರಾಜ್ಯಗಳಲ್ಲಿ 38 ಒಪ್ಪಬೇಕು. ಹಾಗಾದರೆ ಅಧ್ಯಕ್ಷರ ಆದೇಶಕ್ಕೆ ಎಷ್ಟು ಬಲ? ಅದನ್ನು ಹೇಳಬೇಕಾದವರು ನ್ಯಾಯಾಧೀಶರು. ಆದೇಶ ಬಂದ ಮೂರೇ ದಿನಕ್ಕೆ ಸಿಯಾಟಲ್‌ನ ಫೆಡರಲ್ ನ್ಯಾಯಾಧೀಶರೊಬ್ಬರು ಅದಕ್ಕೆ ತಡೆ ಕೊಟ್ಟರು. ಅವರನ್ನು ನೇಮಿಸಿದ್ದವರು ಟ್ರಂಪ್ ಅವರದೇ ಪಕ್ಷದಿಂದ ಹಿಂದೆ ದೇಶದ ಅಧ್ಯಕ್ಷರಾಗಿದ್ದ ರೇಗನ್.

ಅಕ್ಕನ ಭಯವನ್ನು ನಾನು ಹೋಗಲಾಡಿಸಿದೆ ಎಂದು ಹೇಳಲಾರೆ. ಮೊಕದ್ದಮೆ ಮುಂದೆ ನಡೆಯಿತು. ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಕೆಳಗಿನ ನ್ಯಾಯಾಧೀಶರು ಇಡೀ ದೇಶಕ್ಕೆ ಅನ್ವಯಿಸುವಂತೆ ತಡೆ ಕೊಡುವ ಅಧಿಕಾರಕ್ಕೆ ಮಿತಿ ಹಾಕಿತು, ಜುಲೈನಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ನ್ಯಾಯಾಧೀಶರು ಮಕ್ಕಳೆಲ್ಲರನ್ನೂ ಒಂದು ಗುಂಪಾಗಿ ಪರಿಗಣಿಸಿ ಮತ್ತೆ ತಡೆದರು. ಆದರೆ ಅಂದಿನಿಂದ ಅಕ್ಕ ಕೇಳುವ ಪ್ರಶ್ನೆ ಬದಲಾಯಿತು. ‘ಏನಾಗುತ್ತದೋ’ ಎನ್ನುತ್ತಿದ್ದವರು ‘ಈಗ ಯಾವ ಕೋರ್ಟಿನಲ್ಲಿದೆ?’ ಎಂದು ಕೇಳತೊಡಗಿದರು. ಯಾರೋ ಕಳಿಸಿದ ವಿಡಿಯೊ ನೋಡಿ ಕಂಗಾಲಾಗುವುದನ್ನು ಬಿಟ್ಟರು.

ಎರಡನೆಯದು ಅಧ್ಯಕ್ಷರ ಆಯ್ಕೆ. ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಯಾರಿಗೂ ಹತ್ತುವುದಿಲ್ಲ, ಅಡಿಕೆಯಿಂದಲೇ ತೋರಿಸಬೇಕು. 2024ರಲ್ಲಿ ನಾನು ಮಾಡಿದ್ದನ್ನು ಹೇಳುತ್ತೇನೆ. ಗೋಟಡಿಕೆಯನ್ನು 538 ಎಣಿಸಿ ಬುಟ್ಟಿಗೆ ಹಾಕಿಟ್ಟೆ. ಅದು ಒಟ್ಟು ಎಲೆಕ್ಟರ್‌ಗಳ, ಅಂದರೆ ರಾಜ್ಯಗಳ ಪರವಾಗಿ ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳ ಸಂಖ್ಯೆ. ಒಂದು ರಾಜ್ಯಕ್ಕೆ ಅಲ್ಲಿನ ಸಂಸತ್ತಿನ ಕೆಳಮನೆಯಲ್ಲಿ ಎಷ್ಟು ಸದಸ್ಯರೋ ಅಷ್ಟು, ಜೊತೆಗೆ ಮೇಲ್ಮನೆಯಾದ ಸೆನೆಟ್‌ನ ಇಬ್ಬರು ಸದಸ್ಯರ ಲೆಕ್ಕದಲ್ಲಿ ಎರಡು; ರಾಜಧಾನಿ ವಾಷಿಂಗ್ಟನ್ನಿಗೆ ಮೂರು. ಕ್ಯಾಲಿಫೋರ್ನಿಯಾದ ಹೆಸರು ಹೇಳಿ ಮೊರದಲ್ಲಿ 54 ಇಟ್ಟೆ. ಟೆಕ್ಸಾಸಿಗೆ 40, ಫ್ಲಾರಿಡಾಕ್ಕೆ 30, ನನ್ನ ಮಗಳಿರುವ ನ್ಯೂಜೆರ್ಸಿಗೆ 14. ವಯೋಮಿಂಗ್‌ಗೆ ಮೂರೇ ಮೂರು.

ಆಗ ತಮ್ಮನ ಹೆಂಡತಿ ಸುಲಿಯುವುದನ್ನು ನಿಲ್ಲಿಸಿ, ‘ವಯೋಮಿಂಗ್‌ನಲ್ಲಿ ಜನ ಎಷ್ಟಿದ್ದಾರೆ?’ ಎಂದು ಕೇಳಿದಳು. 2020ರ ಜನಗಣತಿಯಲ್ಲಿ 5,76,851. ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ 2011ರಲ್ಲೇ ಹದಿನೇಳೂವರೆ ಲಕ್ಷ ಜನರಿದ್ದರು. ಅಂದರೆ ನಮ್ಮ ಜಿಲ್ಲೆಯ ಮೂರನೇ ಒಂದು ಪಾಲಿನಷ್ಟು ಜನರ ರಾಜ್ಯ. ಕ್ಯಾಲಿಫೋರ್ನಿಯಾದಲ್ಲಿ ಸುಮಾರು ನಾಲ್ಕು ಕೋಟಿ. ಭಾಗಿಸಿ ನೋಡಿದೆವು. ವಯೋಮಿಂಗ್‌ನ ಒಂದು ಅಡಿಕೆಯ ಹಿಂದೆ ಎರಡು ಲಕ್ಷಕ್ಕೂ ಕಡಿಮೆ ಜನ, ಕ್ಯಾಲಿಫೋರ್ನಿಯಾದ ಒಂದು ಅಡಿಕೆಯ ಹಿಂದೆ ಏಳು ಲಕ್ಷಕ್ಕೂ ಹೆಚ್ಚು. ‘ಇದು ಅನ್ಯಾಯ’ ಎಂದಳು ಅವಳು. ‘ಸಣ್ಣ ರಾಜ್ಯಕ್ಕೂ ಒಂದು ಬೆಲೆ ಬೇಡವೇ?’ ಎಂದರು ಭಾವ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆಯಲು ಕೂತವರು ಬೇಸಿಗೆಯಿಡೀ ಗುದ್ದಾಡಿದ್ದು ಇದೇ ಪ್ರಶ್ನೆಯ ಮೇಲೆ. ನಮ್ಮ ಚಪ್ಪರದಡಿ ಅದು ತಾನಾಗಿ ಎದ್ದಿತು, ನಾನು ಎಬ್ಬಿಸಲಿಲ್ಲ. ಆಗ ನನಗಾದ ಸಂತೋಷ ಮೂವತ್ತೊಂದು ವರ್ಷದ ತರಗತಿಗಳಲ್ಲಿ ಕೆಲವೇ ಸಲ ಆಗಿತ್ತು.

ಅಲ್ಲಿಗೇ ನಿಲ್ಲಿಸಬೇಡಿ. ಗೆದ್ದವರಿಗೆ ಇಡೀ ಮೊರ ಎಂಬುದನ್ನೂ ತೋರಿಸಿ. ಮೇನ್ ಮತ್ತು ನೆಬ್ರಾಸ್ಕ ಬಿಟ್ಟರೆ ಉಳಿದ ರಾಜ್ಯಗಳಲ್ಲಿ ಒಂದೇ ಮತ ಹೆಚ್ಚು ಬಿದ್ದರೂ ಆ ರಾಜ್ಯದ ಅಷ್ಟೂ ಅಡಿಕೆ ಒಬ್ಬರಿಗೇ. 2000ನೇ ಇಸವಿಯಲ್ಲಿ ದೇಶದ ಒಟ್ಟು ಮತಗಳಲ್ಲಿ ಐದು ಲಕ್ಷಕ್ಕೂ ಹೆಚ್ಚು ಮುಂದಿದ್ದ ಆಲ್ ಗೋರ್ ಸೋತರು, ಏಕೆಂದರೆ ಫ್ಲಾರಿಡಾದಲ್ಲಿ ಎದುರಾಳಿ ಬುಷ್ 537 ಮತ ಮುಂದಿದ್ದರು. ಅಲ್ಲಿನ 25 ಎಲೆಕ್ಟರ್‌ಗಳೂ ಅವರ ಪಾಲಾದರು. 537 ಎಂದರೆ ನಮ್ಮ ಪಂಚಾಯಿತಿಯ ಒಂದು ವಾರ್ಡಿನ ಮತದಷ್ಟು. 270 ಅಡಿಕೆ, ಅಂದರೆ ಅರ್ಧಕ್ಕಿಂತ ಹೆಚ್ಚು, ಒಂದು ಕಡೆ ಸೇರಿದ ಕೂಡಲೇ ಉಳಿದದ್ದನ್ನು ಬುಟ್ಟಿಗೆ ಸುರಿಯಿರಿ, ಮಕ್ಕಳಿಗೂ ಅರ್ಥವಾಗುತ್ತದೆ.

ಪದಗಳ ವಿಷಯದಲ್ಲಿ ಬಹಳ ಜಾಗ್ರತೆ ಬೇಕು. ನಮ್ಮ ಅರ್ಧ ಜಗಳಗಳು ಅನುವಾದದಿಂದ ಹುಟ್ಟಿದವು. ‘ಟೆಕ್ಸಾಸ್ ರಾಜ್ಯಪಾಲ’ ಎಂದು ಯಾರಾದರೂ ಓದಿದರೆ ಕೇಳುವವರ ತಲೆಯಲ್ಲಿ ದೆಹಲಿಯಿಂದ ನೇಮಕವಾಗಿ ಬಂದ ಹಿರಿಯರೊಬ್ಬರ ಚಿತ್ರ ಮೂಡುತ್ತದೆ. ಅಲ್ಲಿನ ಗವರ್ನರ್ ಜನರಿಂದ ನೇರವಾಗಿ ಆಯ್ಕೆಯಾದವರು, ಕೆಲಸದಲ್ಲಿ ನಮ್ಮ ಮುಖ್ಯಮಂತ್ರಿಗೆ ಹತ್ತಿರ. 2025ರ ನವೆಂಬರ್‌ನಲ್ಲಿ ನ್ಯೂಜೆರ್ಸಿಯ ಜನ ಮೈಕಿ ಶೆರಿಲ್ ಅವರನ್ನು ಹಾಗೆ ಆರಿಸಿದರು. ಆದ್ದರಿಂದ ಗವರ್ನರ್ ಎಂದೇ ಹೇಳಿ. ‘ಕಾಂಗ್ರೆಸ್’ ಅಲ್ಲಿ ಪಕ್ಷವಲ್ಲ, ಎರಡು ಸದನಗಳ ಸಂಸತ್ತು. ‘ಸೆಕ್ರೆಟರಿ’ ಎಂದರೆ ಕಡತ ಹಿಡಿದ ಕಾರ್ಯದರ್ಶಿಯಲ್ಲ, ಸಚಿವರು. ಸೆಕ್ರೆಟರಿ ಆಫ್ ಸ್ಟೇಟ್ ಎಂಬ ಹೆಸರಂತೂ ದೇಶದ ಮಟ್ಟದಲ್ಲಿ ವಿದೇಶಾಂಗ ಸಚಿವರನ್ನು ಸೂಚಿಸಿದರೆ, ಹೆಚ್ಚಿನ ರಾಜ್ಯಗಳಲ್ಲಿ ಚುನಾವಣೆಯ ಉಸ್ತುವಾರಿ ಹೊತ್ತವರನ್ನು ಸೂಚಿಸುತ್ತದೆ. ನಮ್ಮ ಚುನಾವಣಾ ಆಯೋಗದಂತೆ ಇಡೀ ದೇಶದ ಮತದಾನ ನಡೆಸುವ ಒಂದೇ ಸಂಸ್ಥೆ ಅಲ್ಲಿಲ್ಲ. ನಡೆಸುವುದು ರಾಜ್ಯಗಳು, ಕೈಯಾರೆ ಕೆಲಸ ಮಾಡುವುದು ನಮ್ಮ ಜಿಲ್ಲೆಗಳಂತಹ ಕೌಂಟಿಗಳು. ಭಾವನಿಗೂ ತಮ್ಮನಿಗೂ 2020ರಲ್ಲಿ ಇದೊಂದು ಗೊತ್ತಿದ್ದರೆ ಸಾಕಿತ್ತು.

ಬಣ್ಣವೂ ಹಾಗೆಯೇ. ಅಲ್ಲಿ ಕೆಂಪು ರಿಪಬ್ಲಿಕನ್ನರದು, ನೀಲಿ ಡೆಮಾಕ್ರಟರದು. ಕೆಂಪು ಎಂದರೆ ಕಮ್ಯುನಿಸ್ಟರು ಎಂದು ಬೆಳೆದ ನಮ್ಮ ಹಿರಿಯರಿಗೆ ಇದನ್ನು ಮೊದಲೇ ಹೇಳಿಬಿಡಿ.

‘ಪಕ್ಷ’ ಎಂಬ ಪದವನ್ನು ಸ್ವಲ್ಪ ಹೊತ್ತು ಬಿಡಿಸಿ ನೋಡುವುದು ಒಳ್ಳೆಯದು. 1985ರಲ್ಲಿ ಬಂದ ಪಕ್ಷಾಂತರ ನಿಷೇಧದ ನಂತರ ನಮ್ಮ ಶಾಸಕರು ವಿಪ್, ಅಂದರೆ ಪಕ್ಷದ ಆದೇಶ, ಮೀರಿದರೆ ಸ್ಥಾನ ಕಳೆದುಕೊಳ್ಳಬಹುದು. ಅಲ್ಲಿ ಅಂತಹ ಕಾನೂನಿಲ್ಲ. 2017ರ ಜುಲೈನಲ್ಲಿ ಒಬಾಮಾ ಕಾಲದ ಆರೋಗ್ಯ ವಿಮೆ ಕಾಯ್ದೆಯನ್ನು ಕಿತ್ತುಹಾಕಲು ರಿಪಬ್ಲಿಕನ್ನರು ತಂದ ಮಸೂದೆಯನ್ನು ಅದೇ ಪಕ್ಷದ ಜಾನ್ ಮೆಕೇನ್, ಸೂಸನ್ ಕಾಲಿನ್ಸ್, ಲೀಸಾ ಮುರ್ಕೌಸ್ಕಿ ವಿರೋಧಿಸಿದರು. 49ಕ್ಕೆ 51 ಮತಗಳಲ್ಲಿ ಅದು ಬಿದ್ದುಹೋಯಿತು. ಅವರ ಸ್ಥಾನಕ್ಕೆ ಏನೂ ಆಗಲಿಲ್ಲ. ಯಾವುದು ಮೇಲು ಎಂಬ ಚರ್ಚೆಗೆ ಒಂದು ಸಂಜೆಯನ್ನೇ ಕೊಡಿ, ಕೊಟ್ಟದ್ದು ವ್ಯರ್ಥವಾಗುವುದಿಲ್ಲ.

‘ಅಮೆರಿಕ ಕಟ್ಟಿಕೊಂಡು ನಮಗೇನು?’ ಎನ್ನುವವರು ಪ್ರತಿ ಚಪ್ಪರದಲ್ಲೂ ಇರುತ್ತಾರೆ. ನಮ್ಮಲ್ಲಿ ಅಜ್ಜಯ್ಯ ಒಬ್ಬರಿದ್ದಾರೆ, ಎಂಬತ್ತೈದು ದಾಟಿದವರು, ಸಾಗರ ತಾಲ್ಲೂಕಿನಿಂದ ಬಂದು ಇಲ್ಲಿ ನೆಲೆಸಿದವರು. ಅವರನ್ನು ಮಾತಿಗೆ ಎಳೆದದ್ದು ಸಮಾಜವಾದಿ ನಾಯಕ ಲೋಹಿಯಾ ಅವರ ಕಥೆ. 1951ರಲ್ಲಿ ಕಾಗೋಡಿನ ಗೇಣಿದಾರರು ಕೊಳಗದ ಅಳತೆಯಲ್ಲಿ ಆಗುತ್ತಿದ್ದ ಅನ್ಯಾಯದ ವಿರುದ್ಧ ಸತ್ಯಾಗ್ರಹ ಹೂಡಿದಾಗ ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ಬಂಧನಕ್ಕೊಳಗಾದದ್ದು ಅಜ್ಜಯ್ಯನಿಗೆ ಮನೆಮಾತು. ಅದೇ ಲೋಹಿಯಾ 1964ರ ಮೇ ತಿಂಗಳಲ್ಲಿ ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಜಾಕ್ಸನ್ ನಗರದಲ್ಲಿ, ಬಿಳಿಯರಿಗೆ ಮಾತ್ರ ಊಟ ಕೊಡುತ್ತಿದ್ದ ಉಪಾಹಾರ ಗೃಹವೊಂದಕ್ಕೆ ಹೋಗಿ ಅಲ್ಲೂ ಬಂಧನಕ್ಕೊಳಗಾದರು. ಅದೇ ವರ್ಷದ ಜುಲೈನಲ್ಲಿ ಅಂತಹ ಭೇದವನ್ನು ನಿಷೇಧಿಸುವ ನಾಗರಿಕ ಹಕ್ಕುಗಳ ಕಾಯ್ದೆ ಬಂತು. ಇದನ್ನು ಹೇಳಿದ ದಿನ ಅಜ್ಜಯ್ಯ ಮೆಟ್ಟುಕತ್ತಿಯಿಂದ ಕಾಲು ತೆಗೆದು ನನ್ನ ಕಡೆ ತಿರುಗಿ ಕೂತರು. ‘ಕಾಗೋಡಿಗೆ ಬಂದವರೇ ಅಲ್ಲಿಗೂ ಹೋದರಾ?’ ಎಂದರು. ಅಲ್ಲಿಂದ ಈಚೆಗೆ ಅವರು ಒಂದು ಸಂಜೆಯೂ ತಪ್ಪಿಸಿಲ್ಲ.

ನಿಮ್ಮ ಊರಿಗೆ ಹತ್ತಿರವಾದ ಇಂತಹ ಎಳೆಯನ್ನು ಹುಡುಕಿಕೊಳ್ಳಿ. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗರಾಯರು ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿ 1947ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡಿದ್ದರು. ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ಕಾಯುವ ನಮ್ಮ ಸಂವಿಧಾನದ 21ನೇ ವಿಧಿಯಲ್ಲಿ ಅಮೆರಿಕದ ‘ಡ್ಯೂ ಪ್ರೋಸೆಸ್’ (ನ್ಯಾಯಬದ್ಧ ಪ್ರಕ್ರಿಯೆ) ಎಂಬ ಮಾತನ್ನು ಕೈಬಿಟ್ಟು ‘ಕಾನೂನಿನಿಂದ ಸ್ಥಾಪಿತವಾದ ಕಾರ್ಯವಿಧಾನ’ ಎಂಬ ಮಾತು ಸೇರಿದ್ದರ ಹಿಂದೆ ಆ ಭೇಟಿಯ ಪ್ರಭಾವವಿದೆ.

ಇನ್ನು ಅಲ್ಲಿರುವ ಮಕ್ಕಳನ್ನು ಮಾತಿಗೆ ಸೇರಿಸಿಕೊಳ್ಳುವುದು. ಹೊತ್ತು ನೋಡಿ ಕರೆ ಮಾಡಿ. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆಮೇಲೆ ನಮ್ಮ ಸಂಜೆ ಏಳು ಎಂದರೆ ನ್ಯೂಜೆರ್ಸಿಗೆ ಬೆಳಗಿನ ಎಂಟೂವರೆ, ಡಲ್ಲಾಸ್‌ಗೆ ಏಳೂವರೆ, ಕ್ಯಾಲಿಫೋರ್ನಿಯಾಕ್ಕೆ ಐದೂವರೆ. ಕ್ಯಾಲಿಫೋರ್ನಿಯಾದವರನ್ನು ನಿದ್ದೆಯಿಂದ ಎಬ್ಬಿಸಬೇಡಿ.

ಕೇಳುವ ಪ್ರಶ್ನೆ ಚಿಕ್ಕದಾಗಿರಲಿ. ‘ಅಲ್ಲಿ ರಾಜಕೀಯ ಹೇಗಿದೆ?’ ಎಂದರೆ ‘ಹೀಗೇ ಇದೆಯಮ್ಮ’ ಎಂಬ ಉತ್ತರ ಬರುತ್ತದೆ. ನಾನು ಮಗಳನ್ನು ಕೇಳಿದ್ದು, ‘ನಿಮ್ಮ ಊರಿನ ಶಾಲಾ ಮಂಡಳಿಯಲ್ಲಿ ಯಾರಿದ್ದಾರೆ? ಶಾಲೆಗೆ ದುಡ್ಡು ಎಲ್ಲಿಂದ ಬರುತ್ತದೆ?’ ಅವಳು ಒಂದು ವಾರ ವಿಚಾರಿಸಿ ಹೇಳಿದಳು. ಮಂಡಳಿಗೆ ನಡೆಯುವುದು ಚುನಾವಣೆ, ಹಣದ ದೊಡ್ಡ ಪಾಲು ಊರಿನ ಮನೆಗಳ ತೆರಿಗೆಯದು. ಅದಕ್ಕೇ ಒಳ್ಳೆಯ ಶಾಲೆಯಿರುವ ಕಡೆ ಮನೆಯ ಬೆಲೆ ಹೆಚ್ಚು. ಅಮೆರಿಕದ ಸಮಾಜದ ಬಗ್ಗೆ ಅಂದು ತಿಳಿದಷ್ಟು ನನಗೆ ಟಿವಿಯಿಂದ ಎಂದೂ ತಿಳಿದಿರಲಿಲ್ಲ.

ಮಕ್ಕಳ ಸ್ಥಿತಿಯನ್ನೂ ಅರಿತಿರಿ. ವೀಸಾದ ಮೇಲಿರುವವರಿಗೆ, ಗ್ರೀನ್ ಕಾರ್ಡ್ ಇರುವವರಿಗೂ, ಅಧ್ಯಕ್ಷರ ಚುನಾವಣೆಯಲ್ಲಿ ಮತವಿಲ್ಲ. ‘ಯಾರಿಗೆ ಹಾಕಿದೆ?’ ಎಂದು ಮಗನನ್ನು ಕೇಳಿ ನೋಯಿಸಬೇಡಿ. 2025ರ ಜೂನ್‌ನಿಂದ ವಿದ್ಯಾರ್ಥಿ ವೀಸಾ ಕೇಳುವವರು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ಇಡಬೇಕಾಗಿದೆ. ಅವರ ಪುಟದಲ್ಲಿ ನಿಮ್ಮ ಅಭಿಪ್ರಾಯ ಬರೆಯಬೇಡಿ, ಅವರು ಫೋನಿನಲ್ಲಿ ಹೇಳಿದ್ದನ್ನು ಧ್ವನಿಮುದ್ರಿಸಿ ಬೇರೆ ಗುಂಪಿಗೆ ಕಳಿಸಬೇಡಿ. ಮಗ ಉತ್ತರಿಸದಿದ್ದರೆ ತೋಟದ ಸುದ್ದಿ ಹೇಳಿ. ಇದನ್ನು ನಾನು ಒತ್ತಿ ಹೇಳುತ್ತೇನೆ.

ಸಂಸ್ಕೃತಿಯ ಮಾತು ಬಂದಾಗ ‘ಅಮೆರಿಕದವರೇ ಹೀಗೆ’ ಎಂದು ಯಾರಾದರೂ ಶುರು ಮಾಡಿದರೆ ‘ಯಾವ ಊರಿನವರು?’ ಎಂದು ಕೇಳಿ. ವರ್ಮಾಂಟ್ ರಾಜ್ಯದ ಹಳ್ಳಿಗಳಲ್ಲಿ ಮಾರ್ಚ್ ಮೊದಲ ಮಂಗಳವಾರ ಊರವರೆಲ್ಲ ಒಂದೆಡೆ ಕೂತು ರಸ್ತೆಯ ಖರ್ಚಿನ ಮೇಲೆ ಕೈಯೆತ್ತಿ ತೀರ್ಮಾನಿಸುವ ಸಭೆ ನಡೆಯುತ್ತದೆ. ಇದನ್ನು ಹೇಳಿದಾಗ ನಮ್ಮ ಚಪ್ಪರದಲ್ಲಿ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಕೆಳಗಿನ ಮನೆಯ ಅಕ್ಕ, ‘ನಮ್ಮ ಗ್ರಾಮಸಭೆಗೆ ಹೋದ ಸಲ ನಮ್ಮಲ್ಲಿ ಎಷ್ಟು ಜನ ಹೋಗಿದ್ದೆವು?’ ಎಂದು ಕೇಳಿದರು. ಇಬ್ಬರು.

ಬಿಸಿ ಏರಿದಾಗ ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ. ಎದುರಿನವರ ಮಾತನ್ನು ಅವರೇ ‘ಹೌದು, ನಾನು ಹೇಳಿದ್ದು ಇದೇ’ ಎನ್ನುವಂತೆ ತಿರುಗಿ ಹೇಳಿದ ಮೇಲೆಯೇ ಉತ್ತರ ಕೊಡಬೇಕು. ಮೊದಮೊದಲು ಎಲ್ಲರೂ ತಡವರಿಸುತ್ತಾರೆ. ಅಷ್ಟರಲ್ಲಿ ಹಲಸಿನ ಹಪ್ಪಳ ಬರಲಿ.

2026ರ ನವೆಂಬರ್ 3ರ ಮಂಗಳವಾರ ಅಲ್ಲಿ ಮಧ್ಯಾವಧಿ ಚುನಾವಣೆ. ಅಧ್ಯಕ್ಷರ ಸ್ಥಾನಕ್ಕಲ್ಲ, ಕೆಳಮನೆಯ ಎಲ್ಲ 435 ಸ್ಥಾನಗಳಿಗೆ ಮತ್ತು ಸೆನೆಟ್‌ನ ಸುಮಾರು ಮೂರನೇ ಒಂದು ಭಾಗಕ್ಕೆ. ಬುಟ್ಟಿಯಲ್ಲಿ 435 ಅಡಿಕೆ ಇದ್ದರೆ ಸಾಕು, 218 ಆದವರಿಗೆ ಬಹುಮತ. ಎಣಿಸಿಡುವ ಕೆಲಸವನ್ನು ಭಾವ ವಹಿಸಿಕೊಂಡಿದ್ದಾರೆ. ಅವರು ಎಣಿಸಿದ ಮೇಲೆ ತಮ್ಮ ಇನ್ನೊಮ್ಮೆ ಎಣಿಸುತ್ತಾನೆ.